ನಲವತ್ತೊಂದು ಒದ್ದೆ ಟವಲ್ಲು

ಗಾಲಿಕುರ್ಚಿಯನ್ನು ಮಡಿಸಿ, ಹಳೆಯ ಹೊದಿಕೆಯಲ್ಲಿ ಸುತ್ತಿ, ಹಗ್ಗ ಬಿಗಿದು ಇಸ್ತ್ರಿ ಅಕ್ಕ ಅದನ್ನು ಬಸ್ಸಿನಲ್ಲಿ ತಂದಿದ್ದಳು. ಆರು ತಾಸಿನ ದಾರಿ. ದಾರಿಯುದ್ದಕ್ಕೂ ಜನ ಅವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು, ಇಳಿಯುವಾಗ ಕೈ ಹಿಡಿದರು. ಒಬ್ಬ ಹೆಂಗಸಂತೂ ಕಾಲು ತುಂಬಾ ನೋಯುತ್ತಾ ಎಂದು ವಿಚಾರಿಸಿ ತನ್ನ ದಿಂಬನ್ನೇ ಕೊಟ್ಟಳು. ಕಾಲು ಕಲ್ಲಿನ ಹಾಗಿವೆ, ಕುರ್ಚಿ ನನಗಲ್ಲ ಎಂದು ಅಕ್ಕ ಮೊದಲೆರಡು ಸಲ ಹೇಳಿ ನೋಡಿದಳು. ಮೂರನೆಯ ಸಲಕ್ಕೆ, ಕೊಡುವವರ ಸಂತೋಷ ಯಾಕೆ ಕೆಡಿಸಬೇಕು ಎಂದುಕೊಂಡು ದಿಂಬಿಗೆ ತಲೆಯಿಟ್ಟು ನಿದ್ದೆ ಹೊಡೆದಳು.

ಅವಳು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗವನ್ನು ಮೂವತ್ತೊಂದು ವರ್ಷ ನಡೆಸಿದವಳು. ಇಸ್ತ್ರಿ ಅಕ್ಕ ಎಂಬ ಹೆಸರು ಅಲ್ಲಿಯೇ ಅಂಟಿಕೊಂಡದ್ದು. ದೊಡ್ಡ ಡಾಕ್ಟರುಗಳೂ ಹಾಗೇ ಕರೆಯುತ್ತಿದ್ದರು. ಅವಳ ಯಜಮಾನರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ನೋಟ ಮುಂದಕ್ಕೆ ಎಂದು ಸಾವಿರಾರು ಮಕ್ಕಳನ್ನು ಮೈದಾನದಲ್ಲಿ ನಡೆಸಿದ ಮನುಷ್ಯ. ಹತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಎಡಕ್ಕೆ ವಾಲಿ ಬಿದ್ದರು. ಆಮೇಲೆ ಮಾತು ತಿರುಗಿ ಬಂತು, ಬಲಗೈ ಬಂತು, ಕೋಪ ಎಲ್ಲಕ್ಕಿಂತ ಮೊದಲೇ ಬಂತು. ಎಡಗಾಲು ಮಾತ್ರ ಬರಲಿಲ್ಲ.

ಮಗಳ ಮದುವೆಗೆ ಕಡಲತೀರ ಗೊತ್ತಾದದ್ದು ಅದಕ್ಕೂ ಮೊದಲು. ಅಪ್ಪ ಹೀಗಾದ ಮೇಲೆ ಮಗಳೂ ಅವಳನ್ನು ಮದುವೆಯಾಗುವ ಹುಡುಗನೂ ಒಟ್ಟಿಗೆ ಬಂದು ಕೂತು, ಊರಲ್ಲೇ ಯಾವುದಾದರೂ ಸಭಾಂಗಣ ನೋಡೋಣ ಎಂದರು. ಮೇಷ್ಟ್ರು ಬಲಗೈಯಿಂದ ಕುರ್ಚಿಯ ತೋಳು ಕುಟ್ಟಿ ಬೇಡವೆಂದರು. ತಮ್ಮ ಕಾಲಿನ ದೆಸೆಯಿಂದ ಮಗಳ ಮದುವೆಯ ಜಾಗ ಬದಲಾಗಕೂಡದು. ಹಾಗಾದರೆ ಮರಳಿನ ಮೇಲೆ ನಾಲ್ಕು ಜನ ಕುರ್ಚಿ ಎತ್ತಿಕೊಂಡು ಬರಲಿ ಎಂದ ಹುಡುಗ. ಅದಕ್ಕೆ ಮೇಷ್ಟ್ರು ಹೇಳಿದ್ದು ಒಂದೇ ಮಾತು.

"ಮೂಟೆ ಹೊತ್ತಂಗೆ ಹೊತ್ಕೊಂಡು ಹೋಗೋದಾದ್ರೆ ನಾನು ರೂಮಲ್ಲೇ ಇರ್ತೀನಿ."

ಅಪ್ಪನ ಪಕ್ಕದಲ್ಲಿ ನಡೆದುಕೊಂಡೇ ಚಪ್ಪರ ಸೇರಬೇಕೆಂಬುದು ಮಗಳ ಎಳೆತನದ ಆಸೆ. ಆ ಸಂಜೆ ಅವಳು ಅಡುಗೆಮನೆಗೆ ಬಂದು, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತ ನಿಂತಳು. ಮರುವಾರ ಅಕ್ಕ ಗಂಡನ ಕುರ್ಚಿಯದೇ ಅಳತೆಯ ಇನ್ನೊಂದನ್ನು ಆಸ್ಪತ್ರೆಯಿಂದ ಕಡ ತಂದಳು. ರೂಮುಗಳು ಹೇಗಿವೆ ನೋಡಿ ಬರುತ್ತೇನೆಂದು ಗಂಡನಿಗೆ ಹೇಳಿ ಬಸ್ಸು ಹತ್ತಿದಳು.

ರೆಸಾರ್ಟಿನಲ್ಲಿ ಮದುವೆಗಳನ್ನು ನೋಡಿಕೊಳ್ಳುವ ಮ್ಯಾನೇಜರು ಒಬ್ಬ ಚುರುಕಾದ ಹೆಂಗಸು, ಮೂವತ್ತರ ಆಸುಪಾಸು. ಕೈಯಲ್ಲಿ ಸದಾ ಒಂದು ಟ್ಯಾಬು, ಕಾಲಲ್ಲಿ ಮರಳಿಗೆ ಯಾವ ಸಂಬಂಧವೂ ಇಲ್ಲದ ಎತ್ತರದ ಚಪ್ಪಲಿ. ತೆಂಗಿನ ಮರಗಳ ನಡುವೆ ಚಪ್ಪರ ಹಾಕುವ ಜಾಗ ತೋರಿಸಿದಳು, ಬಿಳಿ ಕುರ್ಚಿಗಳ ಸಾಲು ಎಲ್ಲಿಂದ ಎಲ್ಲಿಗೆ ಎಂದು ಕೈಬೀಸಿ ವಿವರಿಸಿದಳು. ಸಂಜೆ ಐದೂವರೆಗೆ ಸೂರ್ಯ ನೀರಿನತ್ತ ಇಳಿಯುವ ಹೊತ್ತಿನಲ್ಲಿ ಮದುವೆ. ಮಗಳು ಆರಿಸಿಕೊಂಡದ್ದೂ ಅದನ್ನೇ. ಮರುದಿನ ಮಧ್ಯಾಹ್ನದೊಳಗೆ ಸಮಯ ಬರೆದು ಸಹಿ ಹಾಕಿಬಿಟ್ಟರೆ ಕರೆಯೋಲೆ ಅಚ್ಚಿಗೆ ಹೋಗುತ್ತದೆ, ಮತ್ತೆ ಬದಲಾಯಿಸಲು ಬರುವುದಿಲ್ಲ ಎಂದಳು.

ಅಕ್ಕ ಎಲ್ಲಕ್ಕೂ ತಲೆಯಾಡಿಸಿ, ಹಗ್ಗ ಬಿಚ್ಚಿ ಕುರ್ಚಿ ಬಿಡಿಸಿದಳು. ಆಗ ನಾಲ್ಕು ಗಂಟೆ. ನೀರು ಉಬ್ಬಿ ಮೇಲಕ್ಕೆ ಬಂದಿತ್ತು, ಉಳಿದದ್ದು ಒಣಮರಳಿನ ಒಂದು ಪಟ್ಟಿ ಮಾತ್ರ. ಖಾಲಿ ಕುರ್ಚಿಯನ್ನು ತಳ್ಳಿದಳು. ಮೂರು ಹೆಜ್ಜೆಗೆ ಮುಂದಿನ ಪುಟ್ಟ ಚಕ್ರಗಳು ಮರಳಲ್ಲಿ ಹೂತು, ಕುರ್ಚಿ ಮುಗ್ಗರಿಸಿ ನಿಂತಿತು. ಇನ್ನು ಮೇಷ್ಟ್ರು ಕೂತರೆ ಹೇಳುವುದೇ ಬೇಡ.

ಮ್ಯಾನೇಜರಿಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಇಂಥದ್ದಕ್ಕೆ ತಮ್ಮಲ್ಲಿ ಒಂದು ಏರ್ಪಾಡಿದೆ ಎಂದು ಮೆಲ್ಲಗೆ ಹೇಳಿದಳು. ಮೇಲಿನ ವರಾಂಡದಲ್ಲಿ ದೊಡ್ಡ ಪರದೆ ಹಾಕುತ್ತಾರೆ, ಪಕ್ಕದಲ್ಲಿ ಫ್ಯಾನು ಇರುತ್ತದೆ, ಹತ್ತಿರ ಕೂತವರಿಗಿಂತ ಚೆನ್ನಾಗಿ ಕಾಣುತ್ತದೆ.

"ಕಾಣುತ್ತೆ ಕಣಮ್ಮ, ಇಲ್ಲ ಅನ್ನಲ್ಲ," ಎಂದಳು ಅಕ್ಕ. "ಆದ್ರೆ ಮಗಳಿಗೆ ಅವರು ಕಾಣಲ್ವಲ್ಲ."

ರೂಮಿಗೆ ಹೋಗಿ ಉಂಡು ಮಲಗಿದಳು. ಚಿಂತೆ ಹೆಚ್ಚಾದಷ್ಟೂ ಬೇಗ ನಿದ್ದೆ ಬರುವ ಜಾತಿ ಅವಳದು. ಮೇಷ್ಟ್ರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಇದಕ್ಕಾಗಿ ನಾದಿನಿಯಿಂದ ಮಾತೂ ಕೇಳಿದ್ದಳು.

ಬೆಳಿಗ್ಗೆ ಆರೂವರೆಗೆ ತೀರಕ್ಕೆ ಇಳಿದಾಗ ಅದು ನಿನ್ನೆಯ ಜಾಗವೇ ಅಲ್ಲವೆನ್ನಿಸಿತು. ನೀರು ದೂರ ಸರಿದಿತ್ತು. ಅದು ಬಿಟ್ಟುಹೋದ ಮರಳು ಒದ್ದೆಯಾಗಿ, ನುಣ್ಣಗೆ, ಆಗತಾನೇ ಇಸ್ತ್ರಿ ಹಾಕಿದ ಹಾಸಿಗೆ ಹೊದಿಕೆಯಂತೆ ಹರಡಿಕೊಂಡಿತ್ತು. ಅದರ ಮೇಲೆ ಒಬ್ಬ ಹೆಂಗಸು ಒಂಟಿಗಾಲಿಯ ಕೈಗಾಡಿ ತಳ್ಳುತ್ತ, ರಾತ್ರಿ ದಡಕ್ಕೆ ಬಿದ್ದ ಪಾಚಿಯನ್ನು ಉದ್ದ ಹಿಡಿಯ ಕುಂಟೆಯಿಂದ ಎಳೆದು ತುಂಬುತ್ತಿದ್ದಳು. ತೀರ ಗುಡಿಸುವವಳು. ಅಕ್ಕನಷ್ಟೇ ವಯಸ್ಸಿರಬೇಕು.

ಅಕ್ಕನ ಕಣ್ಣು ಬಿದ್ದದ್ದು ಗಾಡಿಯ ಗಾಲಿಯ ಗುರುತಿನ ಮೇಲೆ. ಒದ್ದೆ ಬಟ್ಟೆ ತುಂಬಿದ ಗಾಡಿಗಳ ಹಿಂದೆಯೇ ಬದುಕು ಸವೆಸಿದವಳು; ಯಾವ ನೆಲದಲ್ಲಿ ಯಾವ ಗಾಲಿ ಎಷ್ಟು ಇಳಿಯುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ತೆಂಗಿನ ಮರಗಳ ಹತ್ತಿರದ ಒಣಮರಳಲ್ಲಿ ಗಾಲಿಯ ಗುರುತು ನೇಗಿಲು ಹೊಡೆದಂತೆ ಗೇಣಗಲ ಅಗೆದುಹೋಗಿತ್ತು. ನೀರು ಬಿಟ್ಟ ಮರಳಲ್ಲಿ ಅದೇ ತುಂಬಿದ ಗಾಡಿ, ಪೆನ್ಸಿಲಿನಿಂದ ಎಳೆದಂಥ ಒಂದು ಗೀಟು.

ಅಕ್ಕ ಬಗ್ಗಿ ಆ ಗೀಟನ್ನು ಬೆರಳಿಂದ ಮುಟ್ಟಿ ನೋಡಿದಳು. ಏನು ಬಿದ್ದುಹೋಯಿತು ಎಂದು ಗುಡಿಸುವವಳು ಕೇಳಿದಳು. ಏನೂ ಬಿದ್ದಿಲ್ಲ, ಸಿಕ್ಕಿತು ಎಂದು ಅಕ್ಕ ನಿಂತಲ್ಲೇ ಗಂಡನ ಕಥೆಯನ್ನೆಲ್ಲ ಹೇಳಿದಳು. ಗುಡಿಸುವವಳು ಕುಂಟೆಗೆ ಗದ್ದವಿಟ್ಟು ಕೇಳಿದಳು. ಕೇಳಿದ ಮೇಲೆ ಮರುಕದ ಮಾತೇನೂ ಆಡದೆ, ಬನ್ನಿ ಎಂದು ದೋಣಿಮನೆಗೆ ಕರೆದುಕೊಂಡು ಹೋದಳು. ಅಲ್ಲಿ ದೋಣಿಗಳನ್ನು ನೀರಿಗಿಳಿಸುವ ಕಾಂಕ್ರೀಟಿನ ಇಳಿಜಾರು ನೇರ ಒದ್ದೆ ಮರಳಿನವರೆಗೂ ಹೋಗುತ್ತಿತ್ತು. ಗೋಡೆಯ ಮೇಲೆ ಇಡೀ ವರ್ಷದ ಉಬ್ಬರವಿಳಿತದ ಪಟ್ಟಿ. ಮದುವೆಗೆ ಇನ್ನು ಐವತ್ತೊಂಬತ್ತು ದಿನ. ಗುಡಿಸುವವಳು ಆ ದಿನದ ಸಾಲಿಗೆ ಬೆರಳಿಟ್ಟಳು. ಉಬ್ಬರ ಬೆಳಗಿನ ಜಾವ ಒಮ್ಮೆ, ಸಂಜೆ ಐದಕ್ಕೆ ಇನ್ನೊಮ್ಮೆ.

"ಸಂಜೆ ನಿಮ್ಗೆ ಸಿಗೋದು ಬರೀ ಒಣಮರಳು," ಎಂದಳು. "ಬೆಳಿಗ್ಗೆ ಏಳರ ಮೇಲೆ ಬನ್ನಿ, ಬಿಸಿಲಿಗೆ ಮರಳು ಒಣಗೋ ಎಂಟೂವರೆ ತನಕ ನೆಲ ನಿಮ್ದೇ."

ಅಂದಾಜಿನ ಮೇಲೆ ಕೆಲಸ ಮಾಡುವುದು ಅಕ್ಕನಿಗೆ ಒಗ್ಗದು. ಮೇಷ್ಟ್ರ ತೂಕ ಅರವತ್ತೆಂಟು ಕಿಲೋ. ರೆಸಾರ್ಟಿನ ಲಾಂಡ್ರಿಗೆ ಹೋಗಿ ಅಲ್ಲಿಯ ಮೇಸ್ತ್ರಿಯನ್ನು ಮಾತಿಗೆಳೆದಳು. ಇಬ್ಬರೂ ಒಂದೇ ಕಸುಬಿನವರು. ಸೋಪಿನ ನೊರೆ, ಹೋಗದ ಕಲೆ ಎಂದು ಹತ್ತು ನಿಮಿಷ ಹರಟೆಯಾಯಿತು. ಅಷ್ಟರಲ್ಲಿ ಅವನು ಒದ್ದೆ ಸ್ನಾನದ ಟವಲ್ಲುಗಳನ್ನು ತಕ್ಕಡಿಗೆ ಹಾಕತೊಡಗಿದ್ದ. ಸರಿಯಾಗಿ ನಲವತ್ತೊಂದು ಟವಲ್ಲಿಗೆ ಮೇಷ್ಟ್ರು ತೂಗಿದರು. ಅವನ್ನು ಮಡಿಸಿ ಕುರ್ಚಿಯಲ್ಲಿ ಸೊಂಟ, ಎದೆ, ತೊಡೆಯ ಲೆಕ್ಕಕ್ಕೆ ಜೋಡಿಸಿ ಬೆಲ್ಟು ಬಿಗಿದಾಗ, ಮೇಸ್ತ್ರಿಯೇ ಒಂದು ಕೈ ಒರೆಸುವ ಬಟ್ಟೆಯನ್ನು ಸುತ್ತಿ ತಲೆಯ ಜಾಗದಲ್ಲಿಟ್ಟ.

"ಯಜಮಾನ್ರು ತಯಾರು," ಎಂದ.

ಏಳೂಕಾಲಿಗೆ ಮೆರವಣಿಗೆ ಹೊರಟಿತು. ಟವಲ್ಲಿನ ಯಜಮಾನರು ಇಳಿಜಾರಿನಲ್ಲಿ ಇಳಿದು ಒದ್ದೆ ಮರಳು ಸೇರಿದರು. ಅಕ್ಕ ತಳ್ಳಿದಳು. ಕುರ್ಚಿ ಆಸ್ಪತ್ರೆಯ ಕಾರಿಡಾರಿನಲ್ಲಿ ಹೋದ ಹಾಗೆ ಹೋಯಿತು. ನೂರಮೂವತ್ತು ಹೆಜ್ಜೆ. ಸ್ನಾನಕ್ಕೆ ಬಂದ ಅತಿಥಿಯೊಬ್ಬರು ಟವಲ್ಲುಗಳಿಗೆ ಶುಭೋದಯ ಹೇಳಿಬಿಟ್ಟು, ಆಮೇಲೆ ಕನ್ನಡಕ ಸರಿಮಾಡಿಕೊಂಡರು. ಅಷ್ಟರಲ್ಲಿ ಮ್ಯಾನೇಜರೂ ಏನು ಗಲಾಟೆ ಎಂದು ಓಡಿಬಂದಳು, ಎತ್ತರದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ಚಪ್ಪರದ ಜಾಗ ಮಾತ್ರ ಮೇಲಿತ್ತು, ಉಬ್ಬರ ಮುಟ್ಟದ ಕಡೆ. ಕೊನೆಯ ಇಪ್ಪತ್ತು ಹೆಜ್ಜೆ ಒಣಮರಳು. ಅಲ್ಲಿ ಕುರ್ಚಿ ಮತ್ತೆ ಮುಗ್ಗರಿಸಿತು. ಮ್ಯಾನೇಜರು ನಿಟ್ಟುಸಿರು ಬಿಟ್ಟಳು. ಅಕ್ಕ ಬಿಡಲಿಲ್ಲ. ಮೂವತ್ತೊಂದು ವರ್ಷ, ಕೆಲಸಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನ ಕಲಿಸಿದ್ದನ್ನು ಈಗ ತನಗೇ ಹೇಳಿಕೊಂಡಳು: ಹೊಸ್ತಿಲು ಬಂದರೆ ಗಾಡಿ ತಿರುಗಿಸು. ಪುಟ್ಟ ಚಕ್ರ ಮುಂದಿದ್ದರೆ ಅಗೆಯುತ್ತದೆ, ಹಿಂದಿದ್ದರೆ ಸುಮ್ಮನೆ ಬರುತ್ತದೆ. ಕುರ್ಚಿಯನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿ, ಹಿಡಿಕೆ ಹಿಡಿದು ಸ್ವಲ್ಪ ತನ್ನ ಕಡೆ ವಾಲಿಸಿ, ಹಿಮ್ಮೆಟ್ಟುತ್ತ ಎಳೆದಳು. ದೊಡ್ಡ ಗಾಲಿಗಳು ಮರಳನ್ನು ಅಮುಕಿಕೊಂಡು ಮೇಲೆ ಬಂದವು. ಉಸಿರು ಕಟ್ಟಿತು, ನಡುವೆ ಎರಡು ಕಡೆ ನಿಲ್ಲಬೇಕಾಯಿತು, ಆದರೆ ಬಂದವು.

ಗುಡಿಸುವವಳು ಗಾಡಿ ಖಾಲಿ ಮಾಡಿ, ಯಾರೂ ಹೇಳದೆಯೇ ಆ ಇಪ್ಪತ್ತು ಹೆಜ್ಜೆಯ ಉದ್ದಕ್ಕೂ ಒಂದು ಸಲ ನಡೆದು, ಎಲ್ಲೆಲ್ಲಿ ಅಕ್ಕ ನಿಂತಳೋ ಅಲ್ಲೆಲ್ಲ ಕಾಲಿಂದ ತಟ್ಟಿ ನೋಡಿ ಹೋದಳು.

ಉಳಿದದ್ದು ಮಗಳ ಸೂರ್ಯಾಸ್ತ. ಅಕ್ಕ ಅಲ್ಲೇ ಮರಳಲ್ಲಿ ಕೂತು ಫೋನು ಮಾಡಿ, ಕಂಡದ್ದನ್ನೆಲ್ಲ ಕಂಡ ಹಾಗೆ ಹೇಳಿದಳು. ಮದುವೆ ಬೆಳಿಗ್ಗೆ ಏಳೂಕಾಲಿಗೆ ಆಗಬೇಕು. ಸೂರ್ಯ ಬೆನ್ನ ಹಿಂದೆ ಊರಿನ ಕಡೆಯಿಂದ ಹುಟ್ಟುತ್ತಾನೆ, ಕೆಂಪು ನೀರು ಗೀರು ಏನೂ ಇರುವುದಿಲ್ಲ, ನೆಂಟರೆಲ್ಲ ನಿದ್ದೆಗಣ್ಣಲ್ಲಿ ಬರುತ್ತಾರೆ. ಒತ್ತಾಯ ಮಾಡಲಿಲ್ಲ. ನೀನೇ ಹೇಳು ಎಂದಳು.

ಎರಡು ವರ್ಷದಿಂದ ಮಗಳು ಕೂಡಿಟ್ಟುಕೊಂಡ ಸಂಜೆಯ ಚಿತ್ರಗಳು ಎಷ್ಟೆಂಬುದು ಅಮ್ಮನಿಗೆ ಗೊತ್ತಿತ್ತು.

"ಅಮ್ಮ, ಅಪ್ಪ ಎಷ್ಟು ಟವಲ್ ಆದ್ರು ಅಂದೆ?"

"ನಲವತ್ತೊಂದು."

ಮಗಳು ನಗತೊಡಗಿದಳು. ನಗುತ್ತ ನಗುತ್ತ ಮೂಗೆಳೆದದ್ದು ಕೇಳಿಸಿತು. "ಏಳೂಕಾಲು ಅಂತ ಬರ್ಸು," ಎಂದಳು. "ಅಪ್ಪಂಗೆ ನಾನೇ ಹೇಳ್ತೀನಿ."

ಮ್ಯಾನೇಜರು ಇಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದಳು. ಅಡುಗೆಯವರು ನಸುಕಿಗೇ ಏಳಬೇಕು, ಹೂವಿನವರು ಹಿಂದಿನ ದಿನವೇ ಬರಬೇಕು, ಇಡೀ ಪಟ್ಟಿ ತಲೆಕೆಳಗು ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಒಪ್ಪಿಸುತ್ತಲೇ ಟ್ಯಾಬಿನಲ್ಲಿ ಐದೂವರೆ ಅಳಿಸಿ ಏಳೂಕಾಲು ಬರೆದಳು. ಆಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಏನದು ಎಂದು ಅಕ್ಕ ಇಣುಕಿದಳು. 'ಪರದೆ ಬೇಡ' ಎಂದಿತ್ತು.

ಮೇಷ್ಟ್ರು ಒಪ್ಪಲು ನಾಲ್ಕು ದಿನ ಹಿಡಿಯಿತು. ಎತ್ತುವುದಿಲ್ಲ ಎಂಬುದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಯಾರು ಎಳೆಯುವುದು ಎಂದು ಕೇಳಿದರು. ನಾನೇ ಎಂದಳು ಅಕ್ಕ. ಮದುವೆ ಹುಡುಗಿಯ ತಾಯಿ ಗಾಡಿ ಎಳೆದರೆ ಜನ ಏನೆಂದಾರು ಎಂದರು. "ಮೂವತ್ತೊಂದು ವರ್ಷ ಎಳೆದೆ, ಆಗ ಯಾರೂ ಏನೂ ಅನ್ಲಿಲ್ಲ," ಎಂದಳು. ಉಳಿದ ಐವತ್ತೈದು ದಿನವೂ ಮೇಷ್ಟ್ರು ಬೆಳಿಗ್ಗೆ ಮನೆಯ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂರುವುದನ್ನು ಅಭ್ಯಾಸ ಮಾಡಿದರು.

ಮದುವೆಯ ಬೆಳಿಗ್ಗೆ ಪಟ್ಟಿಯಲ್ಲಿದ್ದಂತೆಯೇ ನೀರು ಸರಿದಿತ್ತು. ಮೇಷ್ಟ್ರು ಬಿಳಿ ಅಂಗಿ ತೊಟ್ಟು, ಬಲಗೈಯಿಂದ ಮಗಳ ಕೈ ಹಿಡಿದುಕೊಂಡು, ಒದ್ದೆ ಮರಳಿನ ನೂರಮೂವತ್ತು ಹೆಜ್ಜೆ ನೋಟ ಮುಂದಕ್ಕಿಟ್ಟು ಬಂದರು. ಒಣಮರಳು ಶುರುವಾಗುವ ಕಡೆ ಅಕ್ಕ ಕುರ್ಚಿ ನಿಲ್ಲಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಣ್ಣೆತ್ತಿದರೆ, ಆ ಇಪ್ಪತ್ತು ಹೆಜ್ಜೆ ಒಣಗಿರಲಿಲ್ಲ. ಯಾರೋ ನಸುಕಿನಲ್ಲೇ ನೀರು ಹನಿಸಿ, ಗಾಲಿ ಓಡಿಸಿ ಗಟ್ಟಿ ಮಾಡಿದ್ದರು. ಆಚೆ ಗುಡಿಸುವವಳು ಕುಂಟೆ ಹಿಡಿದು ಬೇರೆ ಕಡೆ ನೋಡುತ್ತ ನಿಂತಿದ್ದಳು.

ಆದರೂ ಪುಟ್ಟ ಚಕ್ರವನ್ನು ನಂಬದೆ ಅಕ್ಕ ಕುರ್ಚಿ ತಿರುಗಿಸಿದಳು.

ಅಲ್ಲಿಯವರೆಗೆ ಯಾರಿಗೂ ಹೊಳೆಯದಿದ್ದ ಸಂಗತಿ ಆಗ ಕಂಡಿತು. ಕುರ್ಚಿ ಹಿಂದುಮುಂದಾದ ಮೇಲೆ ಮೇಷ್ಟ್ರಿಗೆ ಚಪ್ಪರ ಕಾಣಿಸುತ್ತಿರಲಿಲ್ಲ, ನೆಂಟರು ಕಾಣಿಸುತ್ತಿರಲಿಲ್ಲ. ಎದುರಿಗೆ ಇದ್ದದ್ದು ಮಗಳ ಮುಖ ಒಂದೇ. ಹಿಮ್ಮೆಟ್ಟುತ್ತ ಎಳೆಯುವ ಅಕ್ಕನಿಗೂ, ಗಂಡನ ತಲೆಯ ಮೇಲಿಂದ, ಅದೇ ಮುಖ. ಮಗಳು ಇಬ್ಬರನ್ನೂ ನೋಡುತ್ತ ನಿಂತುಬಿಟ್ಟಳು. ಅವಳ ಕಾಲು ಮುಂದೆ ಬರಲಿಲ್ಲ.

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದರು.

"ಎಡಗಾಲು ಮೊದ್ಲು," ಎಂದರು, ಮೈದಾನದ ಹಳೆಯ ದನಿಯಲ್ಲಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಎಡ. ಬಲ. ಎಡ."

ಮಗಳು ಎಡಗಾಲು ಎತ್ತಿಟ್ಟಳು. ಅಕ್ಕ ಎಳೆದಳು. ಹಿಂದೇನಿದೆ ಎಂದು ಅವಳು ತಿರುಗಿ ನೋಡಲಿಲ್ಲ. ಇನ್ನು ಹನ್ನೆರಡು ಹೆಜ್ಜೆ, ಇನ್ನು ಎಂಟು ಎಂದು ಗುಡಿಸುವವಳ ದನಿ ಪಕ್ಕದಿಂದ ಹೇಳುತ್ತಲೇ ಇತ್ತು.