ಮೇಣದ ಮೇಲಿನ ಹೆಬ್ಬೆಟ್ಟು

ಬೆಳಗಿನ ಬಿಸಿಲು ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು, ಹಲಗೆಯ ಮೇಲಿದ್ದ ಏಳು ಬಾಟಲಿಗಳನ್ನು ಹಾದು, ಎದುರಿನ ಗೋಡೆಯ ಮೇಲೆ ನೇರಳೆ ಬಣ್ಣವಾಗಿ ಬೀಳುತ್ತಿತ್ತು. ಆ ವರ್ಷವಿಡೀ ನಾನು ಆ ಗೋಡೆಯನ್ನು ನೋಡುತ್ತಿದ್ದೆ. ಬೇರೆ ಏನನ್ನು ನೋಡಿದೆನೋ ನೆನಪಿಲ್ಲ.

ಬಾಟಲಿಗಳಲ್ಲಿದ್ದದ್ದು ನಮ್ಮ ಹಿತ್ತಲಿನ ದ್ರಾಕ್ಷಿಯ ರಸ. ನನ್ನ ಗಂಡ ಗುರುಪಾದ ಜ್ವರದಲ್ಲಿ ತೀರಿಕೊಳ್ಳುವುದಕ್ಕೆ ಒಂದು ತಿಂಗಳು ಮೊದಲು ಮಾಡಿಟ್ಟದ್ದು. ಆ ವಾರ ನಾನು ವಿಶ್ವವಿದ್ಯಾಲಯದಲ್ಲಿ ಕೊನೆಯ ಪರೀಕ್ಷೆ ಬರೆಯುತ್ತಿದ್ದೆ. ಮನೆಗೆ ಬಂದಾಗ ಬಾಟಲಿಗಳು ಕೆಂಪು ಮೇಣದ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ಗುರುಪಾದ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ನೋಡು, ಇಷ್ಟೂ ನಾನ ಮಾಡೀನಿ. ಮೇಣ ಒತ್ತಿದ್ದೂ ನಾನ."

"ಖರೇನ?"

"ಬೇಕಾದ್ರ ಯವ್ವನ್ನ ಕೇಳು."

ಅತ್ತೆ ನೀಲಗಂಗವ್ವ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ನಗುತ್ತಿತ್ತು. "ಹೌದವಾ, ಎಲ್ಲಾ ಅವನ ಮಾಡಿದ. ನಾ ಕೈ ಸುದ್ದಾ ಹಚ್ಚಿಲ್ಲ." ಮಗನ ಮೇಲಿನ ಹೆಮ್ಮೆಗೆ ನಗುತ್ತಾರೆ ಎಂದುಕೊಂಡೆ.

ರಸ ಕಾಯಿಸುವುದು ಯಾರಿಗಾದರೂ ಬರುತ್ತದೆ, ಕೆಡದಂತೆ ಮುಚ್ಚುವುದೇ ಕಷ್ಟ ಎಂದು ಅತ್ತೆ ಹೇಳುತ್ತಿದ್ದರು. ಬಿರಡೆ ಬಡಿದ ಬಾಟಲಿಯ ಬಾಯನ್ನು ಕರಗಿದ ಮೇಣದಲ್ಲಿ ಅದ್ದಿ, ಅದು ಗಟ್ಟಿಯಾಗುವ ಮೊದಲೇ ಹೆಬ್ಬೆರಳನ್ನು ತಣ್ಣೀರಿನಲ್ಲಿ ತೋಯಿಸಿ ನಡುವೆ ಒತ್ತಬೇಕು. ತಡವಾದರೆ ಮೇಣ ಬಿರಿಯುತ್ತದೆ, ಒಳಗೆ ಗಾಳಿ ಹೋಗುತ್ತದೆ. ಹಾಗೆ ಒತ್ತಿದಾಗ ಹೆಬ್ಬೆಟ್ಟಿನ ಗುರುತು ಮೇಣದಲ್ಲಿ ಉಳಿಯುತ್ತದೆ.

ಗುರುಪಾದ ಹೋದಮೇಲೆ ನನ್ನ ಪಾಲಿಗೆ ಉಳಿದದ್ದು ಆ ಗುರುತುಗಳು. ಅಂಗಿಗಳನ್ನು ಯಾರೋ ಕೊಟ್ಟುಬಿಟ್ಟಿದ್ದರು. ಫೋಟೋದಲ್ಲಿದ್ದವರು ಯಾರದೋ ಮದುವೆಗೆ ಬಂದವರಂತೆ ಕಾಣುತ್ತಿದ್ದರು. ನಾನು ದಿನವೂ ಸ್ಟೂಲು ಹತ್ತಿ, ಪ್ರತಿ ಬಾಟಲಿಯ ಮೇಲಿನ ತಗ್ಗಿನಲ್ಲಿ ನನ್ನ ಹೆಬ್ಬೆರಳಿಟ್ಟು ನಿಲ್ಲುತ್ತಿದ್ದೆ. ಆಗಲೂ ಅಳು ಬರುತ್ತಿರಲಿಲ್ಲ.

ಎಲ್ಲ ಗುರುತುಗಳ ಮೇಲೂ ಒಂದು ಓರೆ ಗೆರೆಯಿತ್ತು, ಹಳೆಯ ಗಾಯದಂಥದ್ದು. ಅವರ ಹೆಬ್ಬೆರಳಿಗೆ ಹಾಗೆ ಗಾಯವಾಗಿತ್ತೇ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವರ ಕೈ ಹಿಡಿದು ಬಾಳಿದವಳಿಗೆ ಇಷ್ಟು ಬೇಗ ಮರೆತುಹೋಯಿತೇ ಎಂದು ಹೆದರಿದೆ. ಇತ್ತು ಎಂದುಕೊಂಡೆ. ದಿನ ಕಳೆದಂತೆ ಆ ಗಾಯ ನನಗೆ ಸ್ಪಷ್ಟವಾಗಿ ಕಾಣತೊಡಗಿತು. ಅವರು ಪುಸ್ತಕದ ಹಾಳೆ ತಿರುವುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ.

ಹಿತ್ತಲಿನ ಚಪ್ಪರದಲ್ಲಿ ಮತ್ತೆ ದ್ರಾಕ್ಷಿ ಕಪ್ಪಾಯಿತು. ಪಕ್ಕದ ಮನೆಯ ಕಾಶಿಬಾಯಿ ಗೋಡೆಯಾಚೆಯಿಂದ ಕೂಗಿದಳು: "ಏನ್ ಬೇ ನೀಲಗಂಗಕ್ಕ, ಈ ವರ್ಷ ಚಪ್ಪರಾ ಗುಬ್ಬಿಗೋಳ ಹೆಸರಿಗೆ ಬರದು ಕೊಟ್ಟೀಯೇನು?"

"ನಿನ್ನ ಬಾಯಿಗಿಂತ ಗುಬ್ಬಿ ಬಾಯಿ ಸಣ್ಣದೈತಿ ಬಿಡ," ಎಂದು ಅತ್ತೆ ಒಳಗೆ ಬಂದರು. ಹಲಗೆಯ ಕಡೆ ನೋಡಿದರು.

"ಹಳೇ ರಸ ಕುಡದು ಮುಗಿಸಿ ಹೊಸದು ತುಂಬಬೇಕವಾ. ನಮ್ಮ ಮನಿ ರೂಢಿ ಅದು. ನಿನ್ನ ಮಾವ ತೀರಿಕೊಂಡ ವರ್ಷಾನೂ ಹಂಗ ಮಾಡೀನಿ."

"ಬ್ಯಾಡ್ರಿ."

"ಬ್ಯಾಸಿಗಿ ಬಂತು. ಇನ್ನ ಇಟ್ಟರ ಕೆಡತೈತಿ."

"ಕೆಡಲಿ. ಅವನ್ನ ಮುಟ್ಟಬ್ಯಾಡ್ರಿ!"

ನನ್ನ ದನಿಗೆ ನಾನೇ ಬೆಚ್ಚಿದೆ. ಅಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. ಮಗನನ್ನು ಹೆತ್ತವರು ಇವರೇನಾ, ಅವನ ಕೊನೆಯ ಗುರುತನ್ನು ಒಡೆದು ಕುಡಿಯೋಣ ಎನ್ನುತ್ತಾರಲ್ಲ ಎಂದು ಒಳಗೊಳಗೇ ಕುದಿದೆ.

ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಮರುದಿನ ಬುಟ್ಟಿ ಹಿಡಿದು ತಾವೇ ದ್ರಾಕ್ಷಿ ಕೊಯ್ದರು. ಕಾಶಿಬಾಯಿಯ ಮನೆಯಿಂದ ಖಾಲಿ ಬಾಟಲಿಗಳನ್ನು ಕೇಳಿ ತಂದರು.

"ರೂಢಿ ಅಂದ್ರಿ?" ಎಂದೆ.

"ನಾನ ಹಾಕಿದ ರೂಢಿ, ನಾನ ಮುರೀತೇನಿ. ಬಾ, ತೊಟ್ಟು ಬಿಡಿಸು."

ಕೂತೆ. ತೊಟ್ಟು ಬಿಡಿಸಿ ತೊಳೆದ ಹಣ್ಣನ್ನು ಅತ್ತೆ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟರು. ಸಿಪ್ಪೆ ಒಡೆದು ಬಣ್ಣ ಬಿಟ್ಟಾಗ ಎಲ್ಲವನ್ನೂ ಹಳೆಯ ಧೋತರಕ್ಕೆ ಸುರಿದು, ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದೆವು. ನಾನು ಗಂಟನ್ನು ಹಿಂಡಲು ಹೋದರೆ ಕೈಗೆ ಹೊಡೆದರು. "ಹಿಂಡಿದರ ರಸ ಕದಡತೈತಿ. ತಾನ ಇಳೀಲಿ."

ಮರುದಿನ ತಿಳಿರಸವನ್ನು ಬಾಟಲಿಗೆ ತುಂಬಿದೆವು. ದೊಡ್ಡ ಪಾತ್ರೆಯ ತಳಕ್ಕೆ ಗೋಣಿತಟ್ಟು ಹಾಸಿ, ಕುತ್ತಿಗೆಯವರೆಗೆ ನೀರಿರುವಂತೆ ಬಾಟಲಿಗಳನ್ನು ನಿಲ್ಲಿಸಿ ಕಾಯಿಸಿದೆವು. ಅತ್ತೆ ಒಂದೊಂದನ್ನೇ ಹೊರತೆಗೆದು ಬಿರಡೆ ಬಡಿದರು, ಮೇಣದಲ್ಲಿ ಅದ್ದಿದರು, ಒತ್ತಿ ನನ್ನ ಕಡೆ ಸರಿಸಿದರು.

ಮೊದಲ ಬಾಟಲಿಯನ್ನು ಎತ್ತಿಕೊಂಡೆ. ಹಸಿ ಮೇಣದ ನಡುವೆ ಹೆಬ್ಬೆಟ್ಟು. ಅದರ ಮೇಲೆ ಓರೆ ಗೆರೆ.

ಹಲಗೆಯ ಕಡೆ ನೋಡಿದೆ. ಅಲ್ಲಿ ಬಿಸಿಲು ಬಂದಿತ್ತು, ಗೋಡೆ ನೇರಳೆಯಾಗಿತ್ತು. ಸ್ಟೂಲು ಹತ್ತುವ ಅಗತ್ಯವಿರಲಿಲ್ಲ. ಆ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ನನ್ನ ಬೆರಳಿಗೇ ಗೊತ್ತಿತ್ತು.

"ಅತ್ತಿ, ನಿಮ್ಮ ಕೈ ತೋರಸ್ರಿ."

ಅವರು ತೋರಿಸಲಿಲ್ಲ. ಮೇಣ ಕದಡುತ್ತಿದ್ದ ಸೌಟನ್ನು ಅಲ್ಲೇ ಬಿಟ್ಟು, ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ಅವಂಗ ಬಿಸಿ ತಡೀತಿದ್ದಿಲ್ಲವಾ," ಎಂದರು. "ಸಣ್ಣವಿದ್ದಾಗಿಂದ ಹಂಗ. ಮೊದಲನೇದು ಒತ್ತಿ ಚಿಟ್ಟನ ಚೀರಿದ. ಕೈ ನೀರಾಗ ಅದ್ದಿಕೊಂಡು, 'ಯವ್ವಾ, ನೀನ ಒತ್ತು, ಆಕಿ ಮುಂದ ಹೇಳಬ್ಯಾಡ' ಅಂದ."

"ಆ ಮೊದಲನೇದು ಯಾವುದು?"

"ಅದು ಸರಿಯಾಗಿದ್ದಿಲ್ಲ. ಕೆರದು ತಗದು ಮತ್ತ ನಾನ ಒತ್ತಿದೆ."

ಒಲೆಯ ಮೇಲೆ ಮೇಣ ಸಣ್ಣಗೆ ಗುಳ್ಳೆಯೇಳುತ್ತಿತ್ತು. ನಾನು ಅಷ್ಟು ದಿನ ಕಂಡ ಗಾಯದ ಹೆಬ್ಬೆರಳು ಈಗ ಯಾರದೂ ಅಲ್ಲದೆ ನಿಂತಿತ್ತು. ಅದನ್ನು ತೆಗೆದು ಗುರುಪಾದರ ನಿಜವಾದ ಕೈಯನ್ನು ನೆನೆಯಲು ನೋಡಿದೆ. ನೀರಿನಲ್ಲಿ ಅದ್ದಿಕೊಂಡು ಕೂತ ಕೈಯಷ್ಟೇ ಬಂತು. ಅದನ್ನು ನಾನು ನೋಡಿಯೇ ಇರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಬಾಯಿ ತನಕ ಬರ್ತಿತ್ತು," ಎಂದರು ಅತ್ತೆ. "ವರ್ಷಪೂರ್ತಿ ನೀ ನನ್ನ ಹೆಬ್ಬಟ್ಟು ಹಿಡಕೊಂಡು ನಿಂತಿದ್ದಿ. ಬಿಡಿಸಿಕೊಳ್ಳಾಕ ಮನಸಾಗಲಿಲ್ಲ."

ನಾನು ಎದ್ದೆ. ಹಲಗೆಯಿಂದ ಕೈಗೆ ಸಿಕ್ಕ ಬಾಟಲಿಯನ್ನು ಇಳಿಸಿ, ಚಾಕುವಿನ ತುದಿಯಿಂದ ಮೇಣ ಒಡೆದೆ. ಕೆಂಪು ಚೂರುಗಳು ನೆಲಕ್ಕೆ ಬಿದ್ದವು. ಬಿರಡೆ ಎಳೆದಾಗ ಸಣ್ಣ ಉಸಿರಿನಂತೆ ಗಾಳಿ ಹೊರಬಂತು. ಎರಡು ಲೋಟಕ್ಕೆ ಸುರಿದು ಒಂದನ್ನು ಅತ್ತೆಯ ಮುಂದಿಟ್ಟೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಕುಡಿಯುವವರೆಗೆ ಕಾದರು.

"ಹುಳಿ ಆಗೇತೇನು?"

"ಸ್ವಲ್ಪ."

"ಸಕ್ಕರಿ ಹಾಕಲೇನು?"

"ಬ್ಯಾಡ್ರಿ. ಹಿಂಗ ಇರಲಿ."

ಅತ್ತೆಯೂ ಕುಡಿದರು. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡಿತು. ಅವರ ಮೇಲ್ದುಟಿಯ ಮೇಲೆ ಬಣ್ಣ ಮೆತ್ತಿತ್ತು. ನನ್ನ ಬಾಯಿಗೂ ಮೆತ್ತಿದ್ದಿರಬೇಕು. ಅವರು ನನ್ನನ್ನು ಒಂದು ಗಳಿಗೆ ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೈ ಚಾಚಿದರು. ನಾನು ಮುಖ ಮುಂದೆ ಮಾಡಿದೆ.