ಬದು ದಾಟುವ ಹುಲಿಯಪ್ಪ

ಬಡಾವಣೆಯ ಉದ್ಯಾನದಲ್ಲಿ ಹೊಸ ವಾಕಿಂಗ್ ಪಾತ್ ಉದ್ಘಾಟನೆಯ ದಿನ, ಹಾರದ ತಟ್ಟೆ ಹಿಡಿದು ರಾಜಗಾಂಭೀರ್ಯದಿಂದ ಬರುತ್ತಿದ್ದ ಮಾಲಿ ಹುಲಿಯಪ್ಪ, ಕನ್ನಡಿಯಂಥ ಗ್ರಾನೈಟಿನ ನಟ್ಟನಡುವೆ, ಏನೇನೂ ಇಲ್ಲದ ಜಾಗದಲ್ಲಿ ಬಲಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿಟ್ಟು, ಜಾರಿ, ಹಾರಸಮೇತ ಮುಖ್ಯ ಅತಿಥಿಗಳ ಪಾದಮೂಲದಲ್ಲಿ ಸಾಷ್ಟಾಂಗವೆರಗಿದ. ಅತಿಥಿಗಳು ಅದನ್ನು ಭಕ್ತಿಯೆಂದೇ ತಿಳಿದು ಆಶೀರ್ವದಿಸಿದರು.

"ಅಲ್ಲಿ ಕಾಲೆತ್ತೋಕೆ ಏನಿತ್ತೋ ಮಾರಾಯ?" ಎಂದು ಬಡಾವಣೆಯ ಸಂಘದ ಅಧ್ಯಕ್ಷ ಚಂದ್ರಶೇಖರಪ್ಪನವರು ಹಲ್ಲು ಕಚ್ಚಿದರು.

"ಬದು ಇತ್ತಲ್ಲ ಸಾರ್."

ಇತ್ತು, ನಿಜ, ಇಪ್ಪತ್ತೆರಡು ವರ್ಷಗಳ ಹಿಂದೆ. ಶಿವಮೊಗ್ಗ ನಗರ ತನ್ನ ಅಂಚಿನ ಆಲ್ಕೊಳದಾಚೆಗೆ ಕೈಕಾಲು ಚಾಚಿದಾಗ ಹುಲಿಯಪ್ಪನ ಮೂರೆಕರೆ ಗದ್ದೆ ಬಡಾವಣೆಯ ಹೊಟ್ಟೆ ಸೇರಿತು. ಅದಕ್ಕೆ ಬಂದ ಹಣದಲ್ಲಿ ಇಂದು ಅಲ್ಲಿನ ಒಂದು ಸೈಟಿಗೆ ಕಾಂಪೌಂಡೂ ಏಳದು. ಜೊತೆಗೆ ದಕ್ಕಿದ್ದು ತನ್ನದೇ ಮಣ್ಣಿಗೆ ಪರರ ಪರವಾಗಿ ನೀರುಣಿಸುವ ಕೆಲಸ. ಬದು ಹೋಗಿ ಬದುಕು ಉಳಿಯಿತು. ಕಾಲಿಗೆ ಮಾತ್ರ ಯಾರೂ ನೋಟಿಸು ಕೊಟ್ಟಿರಲಿಲ್ಲ.

ಸಂಘ ಈಗ ಆಳಿಗೇ ನೋಟಿಸು ಕೊಡಲು ನಿರ್ಧರಿಸಿತು. ಸಮತಟ್ಟು ನೆಲದಲ್ಲಿ ಎಡವುವವನಿಗೆ ವಿಶ್ರಾಂತಿ ಕೊಟ್ಟು ಏಜೆನ್ಸಿಯಿಂದ ಬೇರೊಬ್ಬನನ್ನು ತರಿಸುವುದೆಂದು ಠರಾವಾಯಿತು. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಚಂದ್ರಶೇಖರಪ್ಪನವರು ಉದ್ಯಾನಕ್ಕೆ ಬಂದರು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಗೆಂದೇ ಎದ್ದ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಸಂಸಾರ ಹೂಡಿ, ನಿವೃತ್ತಿಯ ನಂತರ ಇಲ್ಲಿನ ಕಾರ್ನರ್ ಸೈಟಿನಲ್ಲಿ ಮನೆ ಕಟ್ಟಿದವರು ಅವರು. ಕಾಗದದ ಮೇಲೆ ಎಲ್ಲವೂ ಸುಲಭವೆಂದು ಬಲ್ಲವರು. ಬಾಯಲ್ಲಿ ಹೇಳುವುದು ಮಾತ್ರ ಕಷ್ಟವಾಗಿ, ಪೀಠಿಕೆಗೆಂದು ಹುಲಿಯಪ್ಪನ ಹಿಂದೆಯೇ ನಡೆಯತೊಡಗಿದರು.

ಹುಲಿಯಪ್ಪನೋ, ಪೈಪು ಹೆಗಲಿಗೇರಿಸಿ ಹೊಲಗದ್ದೆ ತೋರಿಸುವ ಜಮೀನ್ದಾರನ ಠೀವಿಯಲ್ಲಿ ಹೊರಟ.

"ಆ ಟ್ರಾನ್ಸ್‌ಫಾರ್ಮರ್ ನಿಂತದೆಯಲ್ಲ, ಅದು ನಮ್ಮ ಕಣ. ಈ ಜಾರುಬಂಡೆ ಹತ್ರ ಸಸಿಮಡಿ ಮಾಡ್ತಿದ್ವಿ. ನಿಮ್ಮ ಮನೆ ಹಾಲ್ ಇದೆಯಲ್ಲ ಸಾರ್..."

"ಅಲ್ಲೇನಿತ್ತು?" ಅಧ್ಯಕ್ಷರ ದನಿಯಲ್ಲಿ ಆಸೆಯಿತ್ತು.

"ತಿಪ್ಪೆಗುಂಡಿ. ನಿಮ್ಮ ದಾಸವಾಳ ಸುಮ್ನೆ ಹಂಗೆ ಬರ್ತದಾ ಮತ್ತೆ?"

ಫಲಪುಷ್ಪ ಪ್ರದರ್ಶನದಲ್ಲಿ ಆ ದಾಸವಾಳಕ್ಕೆ ಮೊದಲ ಬಹುಮಾನ ಗಿಟ್ಟಿಸಿ, ಗೊಬ್ಬರದ ಬಗ್ಗೆ ಭಾಷಣವನ್ನೂ ಬಿಗಿದಿದ್ದ ಚಂದ್ರಶೇಖರಪ್ಪನವರಿಗೆ ತಡೆಯಲಾರದಷ್ಟು ನಗು ಬಂತು. ನಗುತ್ತಲೇ ನಡೆದವರು ಗ್ರಾನೈಟಿನ ನಡುವೆ ತಟ್ಟನೆ ನಿಂತರು. ಮುಂದೆ ಹೋಗುತ್ತಿದ್ದ ಹುಲಿಯಪ್ಪ ಕಾಲೆತ್ತಿದ ಜಾಗದಲ್ಲೇ ತಾವೂ ಅರಿವಿಲ್ಲದೆ ಕಾಲೆತ್ತಿದ್ದರು. ಕಾಗದನಗರದ ಮನೆಯಲ್ಲಿ ಮೂವತ್ತು ವರ್ಷ ಯಾರ ಬದುವಿನ ಮೇಲೆ ಮಂಚ ಹಾಕಿ ಮಲಗಿದ್ದೆನೋ ಎಂಬ ಪ್ರಶ್ನೆ ಮೊದಲ ಬಾರಿಗೆ ಅವರ ಗಾಳಿಯಲ್ಲಿದ್ದ ಕಾಲಿಗೆ ತಾಗಿತು. ಜೇಬಿನ ಪತ್ರ ನಾಲ್ಕು ಚೂರಾಗಿ ಉದ್ಯಾನದ ಗೊಬ್ಬರದ ಗುಂಡಿ ಸೇರಿತು.

ಊರು ಬೆಳೆಯುವಾಗ ಸರಿದು ಜಾಗ ಕೊಡುವವರು ಇಂಥವರು. ಕೊಟ್ಟದ್ದು ಎಕರೆಯಲ್ಲಿ, ಪಡೆದದ್ದು ಹಿಡಿಯಲ್ಲಿ. ಆದರೂ ಆ ನೆಲದ ಯಜಮಾನಿಕೆ ಯಾವ ಕ್ರಯಪತ್ರಕ್ಕೂ ಸಿಕ್ಕದೆ ಅವರ ನಡಿಗೆಯಲ್ಲೇ ಉಳಿದುಬಿಡುತ್ತದೆ.

ಉದಾರಿಯಾದ ಸಂತೋಷದಲ್ಲಿ ಚಂದ್ರಶೇಖರಪ್ಪನವರು ಕೇಳಿದರು: "ಹುಲಿಯಪ್ಪ, ಇದೆಲ್ಲ ನಾಳೆ ವಾಪಸ್ ನಿನ್ನ ಕೈಗೇ ಬಂದ್ರೆ ಏನು ಮಾಡ್ತೀಯ?"

ಹುಲಿಯಪ್ಪ ಪೈಪು ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ನಿಮ್ಮನ್ನ ಮಾಲಿ ಕೆಲಸಕ್ಕೆ ಇಟ್ಕಂತೀನಿ ಸಾರ್. ಈ ವಯಸ್ಸಲ್ಲಿ ಇನ್ನೆಲ್ಲಿಗೆ ಹೋಗ್ತೀರ, ಪಾಪ?"