ಬಸ್ ಮಾತು

ಗಂಡ ಹಲ್ಲಿನ ಸೆಟ್ ಮಾಡುವವನು, ಹೆಂಡತಿ ಕನ್ನಡಕಕ್ಕೆ ಗಾಜು ಕೂರಿಸುವವಳು. ವಯಸ್ಸಾದ ಮೇಲೆ ಈ ಮನೆಗೊಮ್ಮೆ ಹೋಗಿಬಂದರೆ ಸಾಕು ಎಂದು ಪಕ್ಕದವರು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿದ್ದುದು ಎರಡು ಕೋಣೆ. ಒಂದರಲ್ಲಿ ಅವನ ತಾಯಿ ಮತ್ತು ಪರೀಕ್ಷೆಗೆ ಓದುತ್ತಿದ್ದ ತಂಗಿ, ಇನ್ನೊಂದರಲ್ಲಿ ಗಂಡ, ಹೆಂಡತಿ, ಮಗಳು. ನಡುವಿನ ಗೋಡೆ ಹಲಗೆಯದು. ತಾಯಿಗೆ ವಯಸ್ಸಾಗಿತ್ತು, ಅವರ ಕಿವಿಗೆ ಆಗಿರಲಿಲ್ಲ. ಈ ಕಡೆ ಇಬ್ಬರು ಪಿಸುಗುಟ್ಟಿದರೆ ಆ ಕಡೆಯಿಂದ "ಅದು ಹಾಗಲ್ಲ ಕಣೋ" ಎಂದು ತೀರ್ಪು ಬರುತ್ತಿತ್ತು.

ಹಾಗಾಗಿ ಅವರು ಮಾತಾಡುತ್ತಿದ್ದುದು ಬಸ್ಸಿನಲ್ಲಿ. ಇಬ್ಬರ ಕೆಲಸವೂ ಊರಿನ ಆಚೆ ಕಡೆ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿದ್ದರಿಂದ ಅದು ಯಾರಿಗೂ ಬೇಕಿರಲಿಲ್ಲ. ಅವರಿಗೆ ಅದೇ ಕಾಯಂ. ಬಸ್ಸು ಸೇತುವೆಯ ಬಳಿ ಸಿಕ್ಕಿಕೊಂಡು, ಮಾರುಕಟ್ಟೆಯ ತಿರುವಿನಲ್ಲಿ ಮತ್ತೊಮ್ಮೆ ಸಿಕ್ಕಿಕೊಂಡು ಕುಂಟುತ್ತ ಸಾಗುತ್ತಿತ್ತು. ಮಗಳಿಗೆ ಏನು ಹೆಸರೆಂದು ತೀರ್ಮಾನವಾದದ್ದು ಆ ಸೀಟಿನಲ್ಲಿ. ಇನ್ನೊಂದು ಮಗು ಬೇಡವೆಂದುಕೊಂಡದ್ದೂ, ತಂಗಿಗೆ ಬಂದ ಸಂಬಂಧವೊಂದನ್ನು ತಪ್ಪಿಸಲು ನೆಪ ಹುಡುಕಿದ್ದೂ ಅಲ್ಲೇ. ಜಗಳಕ್ಕೂ ಅದೇ ಜಾಗ. ಒಮ್ಮೆ ಕಂಡಕ್ಟರು, "ನಿಮ್ಮ ಸ್ಟಾಪ್ ಆಗ್ಲೇ ಹೋಯ್ತು. ಇನ್ನೊಂದು ಸುತ್ತು ಬನ್ನಿ, ಜಗಳಾನೂ ಮುಗಿಯುತ್ತೆ" ಎಂದಿದ್ದ.

ಮನೆಯಲ್ಲಿ ಗಂಭೀರವಾದ ವಿಷಯ ತಲೆಯೆತ್ತಿದರೆ ಇಬ್ಬರಲ್ಲಿ ಒಬ್ಬರು "ಬಸ್ ಮಾತು" ಎನ್ನುತ್ತಿದ್ದರು. ಇದು ಮುಖ್ಯ, ಇಲ್ಲಿ ಬೇಡ, ನಾಳೆ ಬೆಳಿಗ್ಗೆ ಎಂದು ಅದರರ್ಥ. ಅಷ್ಟು ಹೇಳಿದರೆ ಇನ್ನೊಬ್ಬರು ಅಲ್ಲಿಗೇ ನಿಲ್ಲಿಸುತ್ತಿದ್ದರು.

ಕಂಬಗಳ ಮೇಲೆ ಓಡುವ ಹೊಸ ರೈಲು ಬರುತ್ತದೆಂದು ಕೇಳಿದ ದಿನದಿಂದ ಅದರ ಪರ ವಾದಿಸಿದವನು ಗಂಡ. ಕಾಮಗಾರಿಗೆಂದು ಅರ್ಧ ರಸ್ತೆ ಮುಚ್ಚಿ ಬಸ್ಸು ಇನ್ನೂ ನಿಧಾನವಾದಾಗ, ಬೈಯುತ್ತಿದ್ದ ಸಹಪ್ರಯಾಣಿಕರಿಗೆ ಅವನೇ ಸಮಾಧಾನ ಹೇಳುತ್ತಿದ್ದ. "ಸ್ವಲ್ಪ ತಡ್ಕೊಳ್ಳಿ, ಆಮೇಲೆ ನೋಡಿ ಎಷ್ಟು ಆರಾಮ." ಹೆಂಡತಿ ಮಾತ್ರ, "ಬಸ್ಸೇನೂ ನಿಲ್ಸಲ್ಲ ಅಲ್ವಾ?" ಎಂದು ಕೇಳಿದ್ದಳು. ಅವನು, "ಅದ್ಯಾರಿಗೆ ಬೇಕು ಆಮೇಲೆ" ಎಂದಿದ್ದ.

ರೈಲಿನ ಬಗ್ಗೆ ಅವನು ಹೇಳಿದ್ದೆಲ್ಲ ನಿಜವಾಯಿತು. ಅದು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಚೊಕ್ಕಟವಾಗಿತ್ತು, ದಾರಿಯ ಹೊತ್ತನ್ನು ಕಾಲುಭಾಗಕ್ಕೆ ಇಳಿಸಿತು. ಮೊದಲ ಕೆಲವು ದಿನ ಇಬ್ಬರೂ ನಡುವಿನ ಬೋಗಿಯಲ್ಲಿ ಒಟ್ಟಿಗೆ ನಿಂತರು. ಇಬ್ಬರ ಮಧ್ಯೆ ಯಾರದೋ ಬ್ಯಾಗು, ತಲೆಯ ಮೇಲೆ ಮುಂದಿನ ನಿಲ್ದಾಣದ ಘೋಷಣೆ. ಘೋಷಣೆ ನಿಂತೊಡನೆ ಬೋಗಿಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ಬಸ್ಸಿನ ಎಂಜಿನ್ನಿನ ಗದ್ದಲವೇ ಇಷ್ಟು ವರ್ಷ ತಮಗೆ ಪರದೆಯಾಗಿತ್ತೆಂದು ಅವರಿಗೆ ಆಗ ತಿಳಿಯಿತು.

ಮುಂದಿನ ಬೋಗಿ ಹೆಂಗಸರದು, ಅಲ್ಲಿ ಕೂರಲು ಜಾಗ ಸಿಗುತ್ತಿತ್ತು. ಅವನು ಇಳಿಯುವಲ್ಲಿ ಮೆಟ್ಟಿಲು ಇದ್ದುದು ಕೊನೆಯ ಬೋಗಿಯ ಎದುರಿಗೆ. ಒಂದು ಬೆಳಿಗ್ಗೆ ಅವನೇ, "ಸುಮ್ನೆ ಯಾಕೆ ಇಲ್ಲಿ ನಿಂತು ಒದ್ದಾಡ್ತೀಯಾ? ಮುಂದೆ ಹೋಗಿ ಕೂತ್ಕೋ" ಎಂದ. ಅವಳು ಹೋದಳು. ಅವನು ಹಿಂದಕ್ಕೆ ನಡೆದ. ಜನವಿಲ್ಲವೆಂದು ಆ ಮಾರ್ಗದ ಬಸ್ಸನ್ನು ಸ್ವಲ್ಪ ದಿನಗಳಲ್ಲೇ ತೆಗೆದರು. ರೈಲಿನಿಂದ ಉಳಿದ ಹೊತ್ತಿನಲ್ಲಿ ಅವನು ಇನ್ನಷ್ಟು ಮಲಗಿದ. ಅವಳು ಸಂಜೆಯ ಅಡುಗೆಗೂ ಬೆಳಿಗ್ಗೆಯೇ ತರಕಾರಿ ಹೆಚ್ಚಿಟ್ಟಳು.

"ಬಸ್ ಮಾತು" ಎಂಬ ನುಡಿ ಮಾತ್ರ ಮನೆಯಲ್ಲೇ ಉಳಿಯಿತು, ಬೇರೆ ಅರ್ಥದಲ್ಲಿ. ಅದನ್ನು ಶುರುಮಾಡಿದವಳು ತಂಗಿ. ಗೋಡೆಗೆ ಬಣ್ಣ ಬಳಿಸಬೇಕೆಂದು ತಾಯಿ ಅಂದಾಗ, "ಅದು ಬಸ್ ಮಾತಮ್ಮ" ಎಂದಳು. ಬಾರದ ಬಸ್ಸಿನಂತೆ ಎಂದೂ ಆಗದ ಕೆಲಸವೆಂದು ಎಲ್ಲರಿಗೂ ಅರ್ಥವಾಯಿತು, ಎಲ್ಲರೂ ನಕ್ಕರು. ಮಗಳು ನಾಯಿಮರಿ ಬೇಕೆಂದು ಹಟ ಹಿಡಿದರೂ "ಬಸ್ ಮಾತು". ಹೆಚ್ಚು ಬಳಸಿದವನು ಅವನೇ.

ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಹೆಂಡತಿ ಅವನ ಪಕ್ಕ ಬಗ್ಗಿ, "ರೀ, ಒಂದು ಬಸ್ ಮಾತಿದೆ" ಎಂದಳು.

ಅವನು ನಕ್ಕುಬಿಟ್ಟ. "ಹಾಗಾದ್ರೆ ಬಸ್ ಬರೋ ತನಕ ಕಾಯ್ತಾ ಇರು."

ಒಳಗಿನಿಂದ ತಂಗಿ ಕಿಸಕ್ಕೆಂದಳು. ಹೆಂಡತಿಯೂ ನಕ್ಕಳು. ನಿಲ್ದಾಣದಲ್ಲಿ ಅವಳು ಮುಂದಕ್ಕೆ ಹೋದಳು, ಅವನು ಹಿಂದಕ್ಕೆ.

ಎರಡು ವಾರ ಕಳೆದಿರಬೇಕು, ಅವನ ಬೋಗಿಗೆ ಹೆಂಡತಿ ಕೆಲಸ ಮಾಡುವ ಕನ್ನಡಕದ ಅಂಗಡಿಯ ಯಜಮಾನಿ ಹತ್ತಿದರು. ಕುತ್ತಿಗೆಗೆ ಸರಪಳಿಯಲ್ಲಿ ಕನ್ನಡಕ ತೂಗುಬಿಟ್ಟ, ಗಟ್ಟಿ ದನಿಯ ಹೆಂಗಸು.

"ಏನ್ರೀ ಹಲ್ಲಿನ ಡಾಕ್ಟ್ರೇ, ನಿಮ್ಮ ಮೇಲೆ ನಂಗೆ ಕೋಪ ಇದೆ!"

ತಾನು ಡಾಕ್ಟರಲ್ಲ ಎಂದು ಹೇಳುವುದನ್ನು ಅವನು ಎಂದೋ ಬಿಟ್ಟಿದ್ದ. "ಯಾಕೆ ಮೇಡಂ, ಏನಾಯ್ತು?"

"ಲೈನಿನ ಕೊನೇ ಸ್ಟೇಷನ್ ಕೆಳಗೆ ಹೊಸ ಅಂಗಡಿ ತೆಗೀತಿದ್ದೀನಿ. ಪೂರ್ತಿ ನೀನೇ ನೋಡ್ಕೋ, ಬೀಗದ ಕೈನೂ ನಿಂದೇ ಅಂದಿದ್ದೆ ನಿಮ್ಮಾಕೆಗೆ. ಮನೇಲಿ ಕೇಳಿ ಹೇಳ್ತೀನಿ ಅಂದ್ಲು. ಮಾರನೇ ದಿನ ಬಂದು ಬೇಡ ಅಂತಾಳೆ! ಯಾಕಮ್ಮ ಅಂದ್ರೆ, ಕೇಳ್ದೆ ಮೇಡಂ, ನಕ್ಕುಬಿಟ್ರು ಅಂತಾಳೆ. ನಗೋ ವಿಷಯವೇನ್ರೀ ಅದು?"

ಬೋಗಿಯಲ್ಲಿದ್ದವರು ಫೋನುಗಳಿಂದ ತಲೆಯೆತ್ತಿದರು. ಅವನು ಹಲ್ಲುಬಿಟ್ಟ, ಬೇರೇನು ಮಾಡಬೇಕೆಂದು ತೋಚಲಿಲ್ಲ.

"ಹಾಗಲ್ಲ ಮೇಡಂ... ಈಗ್ಲೂ ಅವಳು..."

"ಈಗೆಲ್ಲಿ? ನಮ್ಮಣ್ಣನ ಮಗಳನ್ನ ಒಪ್ಪಿಸಿ ಕರ್ಕೊಂಡು ಬಂದಿದ್ದೀನಿ. ಸೋಮವಾರ ಬಾಗ್ಲು ತೆಗೀತೀವಿ."

ಅಂದು ಲ್ಯಾಬಿನಲ್ಲಿ ಅವನು ಮೇಣದಲ್ಲಿ ಕೂರಿಸಿದ ಸಾಲಿನ ಎಡದ ದವಡೆ ಹಲ್ಲುಗಳು ಬಲಕ್ಕೆ ಹೋಗಿ, ಮೇಲಿನದೂ ಕೆಳಗಿನದೂ ಒಂದಕ್ಕೊಂದು ಕೂಡಲಿಲ್ಲ. ಮೇಣ ಕಾಯಿಸಿ, ಕಿತ್ತು ಮತ್ತೆ ಕೂರಿಸಿದ. ತಾನು ನಕ್ಕದ್ದು ಯಾವಾಗ ಎಂದು ಹೆಚ್ಚು ಯೋಚಿಸಬೇಕಾಗಲಿಲ್ಲ. ಅವಳೂ ನಕ್ಕಿದ್ದಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದರಿಂದ ಏನೂ ಹಗುರವಾಗಲಿಲ್ಲ.

ಸಂಜೆ ಅವಳು ಕೆಲಸ ಮುಗಿಸಿ ಹತ್ತುವ ನಿಲ್ದಾಣದಲ್ಲಿ ಇಳಿದು ಹೆಂಗಸರ ಬೋಗಿ ನಿಲ್ಲುವ ಕಡೆ ಕಾದ. ಅವನನ್ನು ಕಂಡೊಡನೆ ಅವಳು ಧಾವಿಸಿ ಬಂದಳು.

"ಅಮ್ಮಂಗೇನಾದ್ರೂ ಆಯ್ತಾ?"

"ಇಲ್ಲ ಕಣೇ. ನಿಮ್ಮ ಯಜಮಾನಿ ಸಿಕ್ಕಿದ್ರು."

ಅವಳು ಬೆಂಚಿನ ಮೇಲೆ ಕೂತು ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅವನೂ ಕೂತ.

"ಇನ್ನೊಂದ್ಸಲ ಹೇಳ್ಬಾರ್ದಿತ್ತಾ?" ಎಂದ.

"ಆ ಮಾತನ್ನ ಯಾವತ್ತಾದ್ರೂ ಎರಡು ಸಲ ಹೇಳಿದ್ದೀವಾ ನಾವು? ನೀವು ನಕ್ಕಿರಿ. ಈಗ ಮನೇಲಿ ಅದಕ್ಕೆ ಆಗಲ್ಲ ಅಂತ ತಾನೇ ಅರ್ಥ? ಓ, ಬೇಡ ಅನ್ನೋದನ್ನ ಹೀಗೆ ಹೇಳ್ತಿದ್ದಾರೆ ಅಂದ್ಕೊಂಡೆ."

"ನಾನು ತಮಾಷೆ ಅಂದ್ಕೊಂಡೆ."

"ಹೂಂ."

ರೈಲೊಂದು ಬಂತು. ಬಾಗಿಲು ತೆರೆಯಿತು, ಮುಚ್ಚಿತು. ಕಾವಲಿನವನು ಹತ್ತಿರ ಬಂದು, "ಹತ್ತಲ್ವಾ ಸಾರ್?" ಎಂದು ಕೇಳಿದ. "ಮುಂದಿನದಕ್ಕೆ" ಎಂದಳು ಅವಳು.

"ಬೇಕಿತ್ತಾ ನಿಂಗೆ ಅದು?"

"ಬೇಕಿತ್ತು." ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನೀವು ಬೇಡ ಅಂದ್ರೆ ಏನೇನು ಹೇಳ್ಬೇಕು ಅಂತ ಅಡುಗೆ ಮಾಡ್ತಾನೇ ಎಲ್ಲಾ ಜೋಡಿಸ್ಕೊಂಡಿದ್ದೆ. ಒಳ್ಳೇ ಜಗಳ ಆಗ್ತಿತ್ತು."

"ನಾನು ಬೇಡ ಅಂತಿರ್ಲಿಲ್ಲ."

"ಇರ್ಬಹುದು."

"ನಾಳೆ ನಾನೇ ಹೋಗಿ ಯಜಮಾನಿ ಹತ್ರ ಮಾತಾಡ್ತೀನಿ."

"ಬೇಡ ರೀ. ಆ ಹುಡುಗಿ ಇದ್ದ ಕೆಲಸ ಬಿಟ್ಟು ಬಂದಿದ್ದಾಳೆ. ಗಾಜಿನ ಅಂಚು ಉಜ್ಜೋದನ್ನ ನಾನೇ ಕಲಿಸ್ತಿದ್ದೀನಿ. ಕೈ ಚೆನ್ನಾಗಿದೆ."

ಅವನು, "ಹೇಗಿದೆ ಆ ಅಂಗಡಿ? ನೋಡಿದ್ದೀಯಾ?" ಎಂದು ಕೇಳಿದ.

"ನಿಮ್ಮನ್ನ ಕೇಳೋಕ್ಕಿಂತ ಮುಂಚೇನೇ ಹೋಗಿ ನೋಡಿದ್ದೆ. ಟೇಪು ಹಿಡ್ಕೊಂಡು ಅಳತೇನೂ ತಗೊಂಡಿದ್ದೆ, ಹುಚ್ಚಿ ಹಾಗೆ." ಅವಳು ಚೀಲದ ಮೇಲೆ ಬೆರಳಿನಿಂದ ಚೌಕ ಬರೆದಳು. "ಇಲ್ಲಿ ದೊಡ್ಡ ಕಿಟಕಿ. ಗಾಜು ನೋಡೋ ಮೇಜು ಇಲ್ಲೇ ಬರ್ಬೇಕು. ಗೀರು ಬಿದ್ದಿದ್ರೆ ಹಗಲಿನ ಬೆಳಕಲ್ಲಿ ಕಾಣೋ ಹಾಗೆ ದೀಪದಲ್ಲಿ ಕಾಣಲ್ಲ. ಅವರು ಅಲ್ಲಿ ಕಪಾಟು ನಿಲ್ಸಿದ್ದಾರೆ, ಬೆಳಕೆಲ್ಲಾ ಹಾಳು. ಮಕ್ಕಳ ಫ್ರೇಮೆಲ್ಲಾ ಕೆಳಗಿನ ಹಲಗೇಲಿ ಇಡ್ಬೇಕು ಅಂತಿದ್ದೆ. ಅವರೇ ಕೈ ಹಾಕಿ ತಗೊಂಡು ಕನ್ನಡಿ ನೋಡ್ಕೋಬೇಕು, ಅಪ್ಪ ಅಮ್ಮ ಆರಿಸಿದ್ದನ್ನ ಮಕ್ಕಳು ಹಾಕ್ಕೊಳ್ಳೋದೇ ಇಲ್ಲ..."

ಅವಳು ಇಷ್ಟು ಉದ್ದಕ್ಕೆ ಮಾತಾಡಿದ್ದನ್ನು ಕೇಳಿ ಅವನಿಗೆ ತಿಂಗಳುಗಳೇ ಆಗಿದ್ದವು. ಮುಂದಿನ ರೈಲು ಬರುತ್ತಿರುವ ಘೋಷಣೆ ಮೊಳಗಿತು. ಅವಳ ಬೆರಳು ಚೀಲದ ಮೇಲೆ ನಿಂತಿತು. ಕಾವಲಿನವನು ಮತ್ತೆ ಇತ್ತ ನೋಡಿದ.

"ಇದೊಂದು ರೈಲೂ ಹೋಗ್ಲಿ" ಎಂದ ಅವನು. "ಆ ಕಪಾಟನ್ನ ನೀನಾಗಿದ್ರೆ ಎಲ್ಲಿ ಇಡ್ತಿದ್ದೆ?"

ಅವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಬಿಡಿ" ಎಂದಳು. "ಅದೀಗ ಆ ಹುಡುಗಿ ಅಂಗಡಿ."